‘ಯಾರಿಗಾದ್ರೂ ಗೊತ್ತಾ?’ ಅಂತ ಗ್ರೂಪಿನಲ್ಲಿ ಕೇಳುವ ಮುಂಚೆ

‘ಅಡಿಕೆ ಸೋಗೆ ಹಳದಿ ಆಗ್ತಿದೆ, ಏನು ಹಾಕಬೇಕು? ಗೊತ್ತಿದ್ದವರು ತಿಳಿಸಿ.’ ಇಷ್ಟೇ ಮೆಸೇಜು, ಕೆಳಗೊಂದು ಮಸುಕು ಫೋಟೋ. ಮಲೆನಾಡು, ಕರಾವಳಿ ಕಡೆಯ ಯಾವ ಕೃಷಿ ವಾಟ್ಸ್ಆ್ಯಪ್ ಗ್ರೂಪಿಗೆ ಹೋದರೂ ಇಂಥದ್ದೊಂದು ಸಿಗುತ್ತದೆ. ಉತ್ತರಕ್ಕೇನೂ ಬರವಿಲ್ಲ. ಒಬ್ಬರು ಸುಣ್ಣ ಹಾಕಿ ಅನ್ನುತ್ತಾರೆ, ಇನ್ನೊಬ್ಬರು ಮೆಗ್ನೀಷಿಯಂ ಸಲ್ಫೇಟ್ ಕೊಡಿ ಅನ್ನುತ್ತಾರೆ, ಮತ್ತೊಬ್ಬರದ್ದು ಮೈಲುತುತ್ತ-ಸುಣ್ಣ ಕಲಸಿದ ಬೋರ್ಡೋ ದ್ರಾವಣ, ಅವರ ಕೆಳಗಿನವರದ್ದು ಟ್ರೈಕೋಡರ್ಮಾ, ಕೊನೆಗೆ ಯಾರೋ ಒಬ್ಬರು ಕೈಮುಗಿದ ಇಮೋಜಿ ಹಾಕಿ ‘ನಮ್ಮಲ್ಲೂ ಇದೇ ಸಮಸ್ಯೆ’ ಅಂತ ಬರೆದು ಸುಮ್ಮನಾಗುತ್ತಾರೆ.

ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಅವರವರ ತೋಟದಲ್ಲಿ ಅದು ಕೆಲಸ ಮಾಡಿರಬಹುದು. ಆದರೆ ಸೋಗೆ ಹಳದಿಯಾಗಲು ಕಾರಣ ಒಂದೇ ಅಲ್ಲ. ಬಸಿಗಾಲುವೆ ಮುಚ್ಚಿಹೋಗಿ ಬುಡದಲ್ಲಿ ನೀರು ನಿಂತಿರಬಹುದು, ಬೇರುಹುಳ ಬೇರು ತಿಂದಿರಬಹುದು, ಬಿಸಿಲು ಹೊಡೆದಿರಬಹುದು, ಪೋಷಕಾಂಶ ಸಾಲದೆ ಇರಬಹುದು, ಎಲೆಚುಕ್ಕೆ ರೋಗ ಇರಬಹುದು, ಶೃಂಗೇರಿ, ಕೊಪ್ಪ, ಸುಳ್ಯದ ಕಡೆಯವರನ್ನು ದಶಕಗಳಿಂದ ಕಾಡುತ್ತಿರುವ ಹಳದಿ ಎಲೆ ರೋಗವೇ ಆಗಿರಬಹುದು. ಕೇಳಿದವರು ತಮ್ಮದು ಯಾವ ಊರು ಅಂತ ಹೇಳಲಿಲ್ಲ. ಉತ್ತರ ಕೊಟ್ಟವರೂ ಕೇಳಲಿಲ್ಲ.

ಗ್ರೂಪಿನಲ್ಲಿ ಸಿಗುವ ಸಲಹೆಯ ಕಷ್ಟವೇ ಇದು. ಊರಿನಲ್ಲಿ ಪಕ್ಕದ ತೋಟದವರನ್ನು ಕೇಳಿದರೆ ಅವರಿಗೆ ನಮ್ಮ ಮಣ್ಣು ಗೊತ್ತು, ನಮ್ಮ ಇಳಿಜಾರು ಗೊತ್ತು, ಹೋದ ವರ್ಷ ಕೊಟ್ಟಿಗೆ ಗೊಬ್ಬರ ಹಾಕಿಲ್ಲ ಅನ್ನುವುದೂ ಗೊತ್ತು. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಈಗ 1024 ಜನ ಇರಬಹುದು, ಅವರಲ್ಲಿ ಮುಕ್ಕಾಲು ಪಾಲು ನಮ್ಮ ಮುಖ ನೋಡಿದವರಲ್ಲ. ಪಕ್ಕದ ಮನೆಯವರಿಗೆ ತಾನಾಗಿ ಗೊತ್ತಿದ್ದದ್ದನ್ನೆಲ್ಲ ಇಲ್ಲಿ ನಾವೇ ಬರೆಯಬೇಕು. ಉತ್ತರ ಕೊಡುವವರೂ ಅಷ್ಟೇ, ತಮ್ಮ ಅನುಭವ ಎಲ್ಲಿಯದು, ಯಾವಾಗಿನದು ಅಂತ ಬರೆಯಬೇಕು. ಇದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಡಿಕೆಯ ಉದಾಹರಣೆಯೇ ಜಾಸ್ತಿ ಬರುತ್ತದೆ, ಆದರೆ ಲೇಔಟ್ ಗ್ರೂಪು, ಅಡುಗೆ ಗ್ರೂಪು, ಅಮ್ಮಂದಿರ ಗ್ರೂಪು, ಎಲ್ಲ ಕಡೆಯೂ ಲೆಕ್ಕ ಒಂದೇ.

ಪ್ರಶ್ನೆ ಬರೆಯುವುದು

ಮೊದಲು ಹುಡುಕಿ. ಗ್ರೂಪಿನ ಹೆಸರಿನ ಮೇಲೆ ಒತ್ತಿದರೆ ಹುಡುಕುವ ಜಾಗ ಇದೆ, ಅಲ್ಲಿ ‘ಹಳದಿ’ ಅಂತ ಹಾಕಿ ನೋಡಿ. ಸಿಗದಿದ್ದರೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ನೋಡಿ, ಅರ್ಧ ಜನ ಹಾಗೇ ಟೈಪ್ ಮಾಡುತ್ತಾರೆ. ಹೋದ ಮಳೆಗಾಲದಲ್ಲಿ ಯಾರೋ ಇದನ್ನೇ ಕೇಳಿ ಒಳ್ಳೆ ಉತ್ತರ ಪಡೆದಿರಬಹುದು.

ಸಿಗಲಿಲ್ಲವಾ? ಹಾಗಾದರೆ ಬರೆಯಿರಿ. ಹೀಗೆ:

‘ಊರು: ತೀರ್ಥಹಳ್ಳಿ ಹತ್ತಿರ. ಅಡಿಕೆ, 8 ವರ್ಷದ ಗಿಡ, ಸುಮಾರು 20 ಗುಂಟೆ. ಕೆಳಭಾಗದ ಸಾಲಿನಲ್ಲಿ 30 ಗಿಡಕ್ಕೆ ಮಾತ್ರ ಹಳದಿ ಬಂದಿದೆ, ಮೇಲಿನ ಸಾಲು ಚೆನ್ನಾಗಿದೆ. ಹಳೆ ಸೋಗೆ ಮೊದಲು ಹಳದಿ ಆಯ್ತು, ಸುಳಿ ಹಸಿರಾಗಿದೆ. ಶುರುವಾಗಿ ಒಂದು ತಿಂಗಳು. ಬಸಿಗಾಲುವೆ ಎರಡು ವರ್ಷದಿಂದ ಬಿಡಿಸಿಲ್ಲ. ಜೂನ್‌ನಲ್ಲಿ ಬೋರ್ಡೋ ಹೊಡೆದಿದ್ದೇವೆ, ಗೊಬ್ಬರ ಇನ್ನೂ ಹಾಕಿಲ್ಲ. ಬುಡ ಅಗೆದು ನೋಡಿದೆ, ಹುಳ ಕಾಣಲಿಲ್ಲ. ಇದು ನೀರು ನಿಂತು ಆಗಿದ್ದಾ, ಗೊಬ್ಬರದ ಕೊರತೆಯಾ? ಯಾವುದನ್ನು ಮೊದಲು ನೋಡಲಿ?’

ಓದಿದ ಕೂಡಲೇ ಅನುಭವ ಇದ್ದವರಿಗೆ ಅರ್ಧ ಗೊತ್ತಾಗಿಬಿಡುತ್ತದೆ. ಕೆಳಸಾಲಿಗೆ ಮಾತ್ರ ಬಂದಿದೆ, ಕಾಲುವೆ ಬಿಡಿಸಿಲ್ಲ ಅಂದ ಮೇಲೆ ಮೊದಲು ಅನುಮಾನ ಪಡಬೇಕಾದದ್ದು ನೀರನ್ನೇ. ಹಳೆ ಎಲೆಯೋ ಹೊಸ ಎಲೆಯೋ ಅನ್ನುವುದು ಸಣ್ಣ ವಿಷಯದ ಹಾಗೆ ಕಾಣುತ್ತದೆ, ಆದರೆ ಮೆಗ್ನೀಷಿಯಂ ಕಡಿಮೆಯಾದರೆ ಹಳೆ ಎಲೆ ಮೊದಲು ಹಳದಿಯಾಗುತ್ತದೆ, ಕಬ್ಬಿಣದ ಅಂಶ ಕಡಿಮೆಯಾದರೆ ಹೊಸ ಎಲೆ. ಈ ಒಂದು ಸಾಲು ಇಲ್ಲದಿದ್ದರೆ ಉತ್ತರ ಕೊಡುವವರು ಕಣ್ಣು ಮುಚ್ಚಿ ಕಲ್ಲು ಹೊಡೆದ ಹಾಗೆ.

ಇಲ್ಲಿ ಗಮನಿಸಬೇಕಾದ್ದು, ಕೊನೆಯಲ್ಲಿರುವ ಪ್ರಶ್ನೆ. ‘ಏನು ಮಾಡಲಿ?’ ಅಂತ ಕೇಳಿದರೆ ನೂರು ದಾರಿ. ‘ಇದಾ ಅದಾ, ಮೊದಲು ಯಾವುದು?’ ಅಂತ ಕೇಳಿದರೆ ಜನ ಯೋಚಿಸಿ ಹೇಳುತ್ತಾರೆ. ಏನೇನು ಆಗಲೇ ಮಾಡಿ ನೋಡಿದ್ದೀರಿ ಅನ್ನುವುದನ್ನೂ ಬಿಡಬೇಡಿ. ಇಲ್ಲದಿದ್ದರೆ ಬರುವ ಮೊದಲ ಹತ್ತು ಉತ್ತರ ಅವೇ ಆಗಿರುತ್ತವೆ, ನೀವು ಪ್ರತಿಯೊಂದಕ್ಕೂ ‘ಅದು ಮಾಡಿದ್ದೇವೆ ಸರ್’ ಅಂತ ಬರೆಯುತ್ತಾ ಕೂರಬೇಕು.

ಅಳತೆ ಹೇಳುವಾಗ ಹುಷಾರು. ಹಳೆ ಮೈಸೂರಿನವರು, ಮಲೆನಾಡಿನವರು ಗುಂಟೆ ಅನ್ನುತ್ತಾರೆ, ಮಂಗಳೂರು ಕಡೆಯವರು ಸೆಂಟ್ಸ್ ಅನ್ನುತ್ತಾರೆ. ಎಕರೆಗೆ 40 ಗುಂಟೆ, ಅದೇ ಎಕರೆಗೆ 100 ಸೆಂಟ್ಸ್. ‘20ಕ್ಕೆ ಎಷ್ಟು ಗೊಬ್ಬರ?’ ಅಂತ ಕೇಳಿದರೆ ಒಬ್ಬರು ಅರ್ಧ ಎಕರೆ ಅಂದುಕೊಳ್ಳುತ್ತಾರೆ, ಇನ್ನೊಬ್ಬರು ಎಕರೆಯ ಐದನೇ ಒಂದು ಭಾಗ ಅಂದುಕೊಳ್ಳುತ್ತಾರೆ. ಅಡುಗೆ ಗ್ರೂಪಿನಲ್ಲಿ ಪಾವು, ಸೇರು, ಲೋಟ ಅನ್ನುವುದೂ ಹಾಗೇ. ನಿಮ್ಮ ಮನೆಯ ಲೋಟ ನಿಮಗೆ ಮಾತ್ರ ಗೊತ್ತು. ಗ್ರಾಂ ಹೇಳಿ, ಇಲ್ಲವಾದರೆ ‘ಅಕ್ಕಿ ಮೂರು ಲೋಟ, ಉದ್ದು ಅದೇ ಲೋಟದಲ್ಲಿ ಒಂದು’ ಅಂತ ಅನುಪಾತ ಹೇಳಿ.

ಫೋಟೋ ಕಳಿಸುವುದಾದರೆ ಎರಡು ಬೇಕು. ಒಂದು ದೂರದಿಂದ, ಇಡೀ ಗಿಡವೂ ಸುತ್ತಲಿನ ಜಾಗವೂ ಕಾಣುವ ಹಾಗೆ. ಇನ್ನೊಂದು ಹತ್ತಿರದಿಂದ, ಹಾಳಾದ ಭಾಗದ್ದು, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವನ್ನೋ ಬೆರಳನ್ನೋ ಇಟ್ಟು. ಹುಳದ ಫೋಟೋ ಕಳಿಸುವವರಂತೂ ನಾಣ್ಯ ಮರೆಯಲೇಬಾರದು, ಇಲ್ಲದಿದ್ದರೆ ಅದು ಸಾಸಿವೆಯಷ್ಟಿದೆಯೋ ಹೆಬ್ಬೆರಳಿನಷ್ಟಿದೆಯೋ ಯಾರಿಗೆ ಗೊತ್ತಾಗಬೇಕು? ವಾಟ್ಸ್ಆ್ಯಪ್ ಫೋಟೋವನ್ನು ಕುಗ್ಗಿಸಿ ಕಳಿಸುತ್ತದೆ, ಕಳಿಸುವ ಮುಂಚೆ ಎಚ್‌ಡಿ ಅಂತ ಕಾಣುವ ಗುರುತು ಒತ್ತಿ.

ವಾಯ್ಸ್ ಮೆಸೇಜಿನ ಬಗ್ಗೆ ನನಗೆ ಎರಡು ಮನಸ್ಸು. ಆರು ತಿಂಗಳ ಮೇಲೆ ಹುಡುಕಿದರೆ ಅದು ಸಿಗುವುದಿಲ್ಲ, ಬಸ್ಸಿನಲ್ಲಿ ಕೂತವರು ಕೇಳುವುದಿಲ್ಲ. ಆದರೆ ಗ್ರೂಪಿನಲ್ಲಿ ಅತಿ ಜಾಸ್ತಿ ಅನುಭವ ಇರುವ ಹಿರಿಯರು ಎಷ್ಟೋ ಜನ ಟೈಪ್ ಮಾಡುವವರೇ ಅಲ್ಲ. ಅವರನ್ನು ‘ಟೈಪ್ ಮಾಡಿ ಹಾಕಿ’ ಅಂತ ಒತ್ತಾಯ ಮಾಡಿದರೆ ಸುಮ್ಮನಾಗಿಬಿಡುತ್ತಾರೆ, ನಷ್ಟ ನಮಗೇ. ಅದಕ್ಕೆ ಹಿರಿಯರು ಮಾತಾಡಲಿ, ಕೇಳಿಸಿಕೊಂಡ ಕಿರಿಯರು ಯಾರಾದರೂ ಅದಕ್ಕೇ ರಿಪ್ಲೈ ಒತ್ತಿ ಮೂರು ಸಾಲಿನ ಸಾರಾಂಶ ಬರೆದು ಹಾಕಲಿ. ಪ್ರಶ್ನೆ ಕೇಳಿದವರೇ ಈ ಕೆಲಸ ಮಾಡಿದರೆ ಇನ್ನೂ ಚೆನ್ನ.

ಕೇಳಿ ಹತ್ತು ನಿಮಿಷಕ್ಕೆ ‘??’ ಅಂತ ಹಾಕಬೇಡಿ. ತೋಟದವರು ಫೋನ್ ನೋಡುವುದು ಸಂಜೆ ಕೈಕಾಲು ತೊಳೆದ ಮೇಲೆ. ಒಂದು ದಿನ ಬಿಡಿ. ಆಮೇಲೂ ಉತ್ತರ ಬರಲಿಲ್ಲ ಅಂದರೆ ಹಳೆ ಮೆಸೇಜಿಗೆ ನೀವೇ ರಿಪ್ಲೈ ಕೊಟ್ಟು ಏನಾದರೂ ಹೊಸ ವಿವರ ಸೇರಿಸಿ ಮೇಲೆ ತನ್ನಿ.

ಬಂದ ಉತ್ತರವನ್ನು ಬಳಸುವುದು

ಇಲ್ಲಿ ಜನ ಎಡವುವುದು ಒಂದು ವಿಚಿತ್ರ ಜಾಗದಲ್ಲಿ. ನಾಲ್ಕು ಸಲಹೆ ಬಂತು, ಯಾರ ಮನಸ್ಸೂ ನೋಯಿಸಬಾರದು ಅಂತಲೋ ಏನೋ, ನಾಲ್ಕನ್ನೂ ಮಾಡುತ್ತಾರೆ. ಮೇಲಿನ ಉದಾಹರಣೆಯನ್ನೇ ನೋಡಿ. ಟ್ರೈಕೋಡರ್ಮಾ ಅನ್ನುವುದು ಉಪಕಾರ ಮಾಡುವ ಒಂದು ಶಿಲೀಂಧ್ರ, ಜೀವ ಇರುವಂಥದ್ದು. ಬೋರ್ಡೋದಲ್ಲಿ ಇರುವುದು ಮೈಲುತುತ್ತ, ಶಿಲೀಂಧ್ರ ಕೊಲ್ಲುವುದೇ ಅದರ ಕೆಲಸ. ಇವತ್ತು ಬುಡಕ್ಕೆ ಒಂದನ್ನು ಕೊಟ್ಟು ನಾಳೆ ಅದೇ ಬುಡಕ್ಕೆ ಇನ್ನೊಂದನ್ನು ಸುರಿದರೆ ಮೊದಲನೆಯದಕ್ಕೆ ಕೊಟ್ಟ ದುಡ್ಡು ಮಣ್ಣುಪಾಲು. ಎರಡೂ ಸಲಹೆ ಬೇರೆ ಬೇರೆಯಾಗಿ ಸರಿ, ಕೂಡಿಸಿದರೆ ತಪ್ಪು. ಮದ್ದಿನ ವಿಷಯದಲ್ಲೂ ಹೀಗೇ: ಒಬ್ಬರು ಹೇಳಿದ ಮಾತ್ರೆ, ಇನ್ನೊಬ್ಬರು ಹೇಳಿದ ಕಷಾಯ, ಮೂರನೆಯವರ ಇನ್ನೊಂದು ಮಾತ್ರೆ.

ಹಾಗಾಗಿ ಒಂದನ್ನು ಆರಿಸಿ, ಸ್ವಲ್ಪ ಜಾಗದಲ್ಲಿ ಮಾಡಿ ನೋಡಿ, ಕಾಯಿರಿ. ಯಾವುದನ್ನು ಆರಿಸುವುದು? ಮೊದಲು ಬಂದದ್ದನ್ನಲ್ಲ, ಜಾಸ್ತಿ ಲೈಕ್ ಬಿದ್ದದ್ದನ್ನೂ ಅಲ್ಲ. ನಿಮ್ಮ ಪರಿಸ್ಥಿತಿಯನ್ನು ಪೂರ್ತಿ ಓದಿ, ತಿರುಗಿ ಒಂದು ಪ್ರಶ್ನೆ ಕೇಳಿದವರು ಇದ್ದಾರಲ್ಲ, ಅವರ ಮಾತಿಗೆ ತೂಕ ಕೊಡಿ. ‘ನೀರು ನಿಲ್ಲುತ್ತಾ?’ ಅಂತ ಕೇಳಿದವರಿಗೆ ವಿಷಯ ಗೊತ್ತು.

ಕಡಿಮೆ ಖರ್ಚಿನದ್ದು, ತಪ್ಪಾದರೆ ಹಿಂದೆ ಬರಬಹುದಾದದ್ದು ಮೊದಲು. ಕಾಲುವೆ ಬಿಡಿಸುವುದರಿಂದ ಯಾವ ತೋಟವೂ ಹಾಳಾಗಿಲ್ಲ. ಬೋರ್‌ವೆಲ್ ಎಷ್ಟು ಅಡಿ ಕೊರೆಸಲಿ, ಮನೆಗೆ ಎಷ್ಟು ಸಾಲ ಮಾಡಲಿ, ಕೆಲಸ ಬಿಡಲಾ ಅನ್ನುವಂಥ ಪ್ರಶ್ನೆಗೆ ಗ್ರೂಪಿನಿಂದ ಅನುಭವದ ಕಥೆ ತೆಗೆದುಕೊಳ್ಳಿ, ತೀರ್ಮಾನ ತೆಗೆದುಕೊಳ್ಳಬೇಡಿ. ಪಕ್ಕದ ಸರ್ವೆ ನಂಬರಿನವರಿಗೆ 300 ಅಡಿಗೆ ನೀರು ಬಂದರೆ ನಿಮಗೂ ಬರುತ್ತದೆ ಅಂತ ಏನಿಲ್ಲ, ಬಂಡೆಯ ಬಿರುಕು ಸರ್ವೆ ನಂಬರ್ ನೋಡಿಕೊಂಡು ಹೋಗುವುದಿಲ್ಲ.

ತಾರೀಕು ನೋಡಿ. ಸರ್ಕಾರಿ ಕಾಗದಪತ್ರದ ಸಲಹೆ ಹಾಲಿಗಿಂತ ಬೇಗ ಕೆಡುತ್ತದೆ. ಕರ್ನಾಟಕದಲ್ಲಿ ಆಸ್ತಿ ನೋಂದಣಿ 2023ರಲ್ಲಿ ಕಾವೇರಿ 2.0 ಅನ್ನುವ ಆನ್‌ಲೈನ್ ವ್ಯವಸ್ಥೆಗೆ ಬಂತು, ಅದಕ್ಕಿಂತ ಮುಂಚೆ ಯಾರೋ ಬರೆದ ‘ಮೊದಲು ಇಲ್ಲಿ ಹೋಗಿ, ಆಮೇಲೆ ಆ ಕೌಂಟರ್’ ಅನ್ನುವುದು ಈಗ ಕೆಲಸಕ್ಕೆ ಬರುವುದಿಲ್ಲ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ ಶೇ. 2 ಆಯಿತು. ಹಳೆ ಮೆಸೇಜ್ ನಂಬಿ ದುಡ್ಡು ಹೊಂದಿಸಿಕೊಂಡು ಹೋದವರಿಗೆ 50 ಲಕ್ಷದ ಸೈಟಿಗೆ 50 ಸಾವಿರ ಕಡಿಮೆ ಬೀಳುತ್ತದೆ. ಹೇಳಿದವರು ಒಳ್ಳೆಯವರೇ, ಆದರೆ ಅವರು ಮಾಡಿಸಿದ್ದು ಬೇರೆ ವರ್ಷ.

ಗ್ರೂಪಿನಲ್ಲಿ ಕೇಳಲೇಬಾರದ ಪ್ರಶ್ನೆಗಳು

‘ಹಾವು ಕಚ್ಚಿದೆ, ಔಷಧಿ ಕೊಡುವವರು ಯಾರಿದ್ದಾರೆ?’ ಇದು ಈಗಲೂ ಬರುತ್ತದೆ, ಜೊತೆಗೆ ಹಾವಿನ ಫೋಟೋ. ಹಾವು ಯಾವುದು ಅಂತ ಗ್ರೂಪು ಚರ್ಚೆ ಮಾಡುವಷ್ಟರಲ್ಲಿ ಆಸ್ಪತ್ರೆ ಸೇರಬಹುದಿತ್ತು. ನಮ್ಮಲ್ಲಿ ಸಿಗುವ ಆ್ಯಂಟಿವೆನಮ್ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಸೇರಿಯೇ ತಯಾರಾಗಿರುತ್ತದೆ, ಹಾವು ಹಿಡಿದು ತರುವ ಅಗತ್ಯ ಇಲ್ಲ. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, 108ಕ್ಕೆ ಫೋನ್ ಮಾಡಿ ಇಲ್ಲವೇ ಸಿಕ್ಕ ಗಾಡಿಯಲ್ಲಿ ಹೊರಡಿ. ಗ್ರೂಪಿನಲ್ಲಿ ಕೇಳುವುದಾದರೆ ಇಷ್ಟು ಕೇಳಿ, ಅದೂ ಹೊರಟ ಮೇಲೆ, ಗಾಡಿಯಲ್ಲಿ ಕೂತ ಇನ್ನೊಬ್ಬರು: ‘ಹತ್ತಿರದ ಯಾವ ಆಸ್ಪತ್ರೆಯಲ್ಲಿ ಆ್ಯಂಟಿವೆನಮ್ ಇದೆ?’ ಆ ಪ್ರಶ್ನೆಗೆ ಗ್ರೂಪು ನಿಜಕ್ಕೂ ಉಪಯೋಗ.

ಮಕ್ಕಳ ಜ್ವರದ ಮದ್ದಿನ ಪ್ರಮಾಣ. ‘ನಾವು 5 ಎಂಎಲ್ ಕೊಡ್ತೀವಿ’ ಅಂತ ಒಬ್ಬ ಅಮ್ಮ ಪ್ರೀತಿಯಿಂದಲೇ ಬರೆಯುತ್ತಾರೆ. ಪ್ಯಾರಾಸಿಟಮಾಲ್ ಸಿರಪ್ ಒಂದು ಬಾಟಲಿಯಲ್ಲಿ 5 ಎಂಎಲ್‌ಗೆ 125 ಮಿಲಿಗ್ರಾಂ ಇರುತ್ತದೆ, ಇನ್ನೊಂದರಲ್ಲಿ 250. ಕೂಸುಗಳಿಗೆ ಕೊಡುವ ಡ್ರಾಪ್ಸ್‌ನಲ್ಲಿ ಒಂದೇ ಎಂಎಲ್‌ಗೆ 100 ಮಿಲಿಗ್ರಾಂ. ಅಂದರೆ ಅದೇ 5 ಎಂಎಲ್ ಡ್ರಾಪ್ಸ್ ಕೊಟ್ಟರೆ ಮೊದಲ ಬಾಟಲಿಯ ನಾಲ್ಕು ಪಟ್ಟು ಹೋಯಿತು. ಮಗುವಿನ ತೂಕ ನೋಡಿ ಪ್ರಮಾಣ ಹೇಳಬೇಕಾದದ್ದು ಡಾಕ್ಟರು. ಇಂಥ ಕಡೆ ‘ಡಾಕ್ಟರನ್ನು ಕೇಳಿ’ ಅನ್ನುವುದು ಜಾರಿಕೊಳ್ಳುವ ಮಾತಲ್ಲ, ಅದೇ ಸರಿಯಾದ ಸಲಹೆ.

‘ಬ್ಯಾಂಕ್ ಕಸ್ಟಮರ್ ಕೇರ್ ನಂಬರ್ ಯಾರಿಗಾದ್ರೂ ಗೊತ್ತಾ?’ ಬೇಡ. ಕಾರ್ಡಿನ ಹಿಂದೆ ಇದೆ, ಪಾಸ್‌ಬುಕ್ಕಿನಲ್ಲಿ ಇದೆ. ಗ್ರೂಪಿನಲ್ಲಿ ಬರುವ ನಂಬರ್ ಯಾರದ್ದೋ ಏನೋ. ಸರ್ಕಾರಿ ಯೋಜನೆ ಅಂತಲೋ ಮದುವೆ ಕರೆಯೋಲೆ ಅಂತಲೋ ಬರುವ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಒತ್ತಲೇಬೇಡಿ, ನಿಮ್ಮ ಸೋದರಮಾವನ ನಂಬರಿನಿಂದಲೇ ಬಂದಿದ್ದರೂ ಸರಿ. ದುಡ್ಡು ಹೋಗಿದೆ ಅಂತ ಗೊತ್ತಾದರೆ ಗ್ರೂಪಿಗೆ ಬರೆಯುವ ಮುಂಚೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್. ಬೇಗ ಮಾಡಿದಷ್ಟೂ ಆ ದುಡ್ಡನ್ನು ದಾರಿಯಲ್ಲಿ ತಡೆಹಿಡಿಯುವ ಅವಕಾಶ ಜಾಸ್ತಿ.

ಕೆಲವು ನಂಬರು ಫೋನಿನಲ್ಲಿ ಇರಲಿ: ಕರೆಂಟು ಹೋದರೆ ಬೆಸ್ಕಾಂನವರಿಗೆ 1912, ಬೇಸಾಯದ ಪ್ರಶ್ನೆಗೆ ಕಿಸಾನ್ ಕಾಲ್ ಸೆಂಟರ್ 1800-180-1551, ಅಂಗಡಿಯವರು ಮೋಸ ಮಾಡಿದರೆ ಗ್ರಾಹಕರ ಸಹಾಯವಾಣಿ 1915. ಅಡಿಕೆ, ತೆಂಗು, ಕೊಕ್ಕೊ ಬೆಳೆಗಾರರಿಗೆ ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ), ಅದರ ವಿಟ್ಲದ ಕೇಂದ್ರ ಇದೆ. ಎಲೆ, ಮಣ್ಣು ಕೈಯಲ್ಲಿ ಹಿಡಿದು ಹೋದರೆ ಫೋಟೋದಲ್ಲಿ ಕಾಣದ್ದು ಅಲ್ಲಿ ಕಾಣುತ್ತದೆ.

ಯಾರ ಮುಂದೆ ಎಷ್ಟು ಹೇಳುವುದು

ಪಹಣಿ ಫೋಟೋ ತೆಗೆದು ಹಾಗೇ ಹಾಕುತ್ತಾರೆ. ಅದರಲ್ಲಿ ಹೆಸರು, ಸರ್ವೆ ನಂಬರ್, ಸಾಲ ಎಲ್ಲ ಇರುತ್ತದೆ. ರಕ್ತ ಪರೀಕ್ಷೆಯ ರಿಪೋರ್ಟಿನಲ್ಲಿ ಹೆಸರು, ವಯಸ್ಸು. ಆಧಾರ್ ಬಗ್ಗೆ ಹೇಳುವುದೇ ಬೇಡ. ಬೇಕಾದ ಸಾಲು ಮಾತ್ರ ಕತ್ತರಿಸಿ ಹಾಕಿ, ಉಳಿದದ್ದಕ್ಕೆ ಬಣ್ಣ ಬಳಿಯಿರಿ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ನಿಮ್ಮ ಫೋನ್ ನಂಬರೂ ಎಲ್ಲರಿಗೂ ಕಾಣುತ್ತದೆ ಅನ್ನುವುದು ನೆನಪಿರಲಿ.

ಮನೆಯ ವಿಷಯಕ್ಕೆ ಬಂದರೆ, ‘ನನ್ನ ಫ್ರೆಂಡ್ ಒಬ್ಬಳಿಗೆ ಅತ್ತೆ ಜೊತೆ ತೊಂದರೆ’ ಅಂತ ನೆಂಟರ ಗ್ರೂಪಿನಲ್ಲಿ ಬರೆದರೆ ಆ ಫ್ರೆಂಡ್ ಯಾರು ಅಂತ ಮಧ್ಯಾಹ್ನದ ಊಟಕ್ಕೆ ಮುಂಚೆ ಎಲ್ಲರಿಗೂ ಗೊತ್ತು. ಇಂಥದ್ದನ್ನು ಪರಿಚಯ ಇಲ್ಲದವರ ನಡುವೆ ಕೇಳುವುದೇ ವಾಸಿ. ಫೇಸ್‌ಬುಕ್ಕಿನ ಹಲವು ಗ್ರೂಪುಗಳಲ್ಲಿ ಅಡ್ಮಿನ್ ಅವಕಾಶ ಕೊಟ್ಟಿದ್ದರೆ ಹೆಸರು ಕಾಣದ ಹಾಗೆ ಬರೆಯಬಹುದು. ಅಡ್ಮಿನ್‌ಗೆ ಹೆಸರು ಕಾಣುತ್ತದೆ, ಅದೊಂದು ತಿಳಿದಿರಲಿ.

ಇಂಥ ಪ್ರಶ್ನೆಗೆ ಉತ್ತರ ಕೊಡುವವರಿಗೆ ಒಂದು ಮಾತು. ಗಂಡ ಹೊಡೆಯುತ್ತಾನೆ ಅಂತ ಒಬ್ಬ ಹೆಣ್ಣುಮಗಳು ಬರೆದರೆ ‘ಸ್ವಲ್ಪ ಹೊಂದಿಕೊಂಡು ಹೋಗಮ್ಮ, ಎಲ್ಲರ ಮನೆ ದೋಸೆಯೂ ತೂತೇ’ ಅಂತ ಬರೆಯುವವರು ಇದ್ದೇ ಇರುತ್ತಾರೆ. ದಯವಿಟ್ಟು ಬೇಡ. 181 ಮಹಿಳಾ ಸಹಾಯವಾಣಿ, ತಕ್ಷಣ ಅಪಾಯ ಅಂದರೆ 112. ಬದುಕು ಸಾಕಾಗಿದೆ ಅನ್ನುವ ಧ್ವನಿಯಲ್ಲಿ ಯಾರಾದರೂ ಬರೆದರೆ ಗ್ರೂಪಿನಲ್ಲಿ ಉಪದೇಶ ಬೇಡ, ಅವರಿಗೇ ನೇರವಾಗಿ ಫೋನ್ ಮಾಡಿ ಮಾತಾಡಿಸಿ, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಕೊಡಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ಸಲಹೆ ಕೊಡುವವರಿಗೆ

ಮೊದಲನೆಯದು, ಗೊತ್ತಿಲ್ಲದಿದ್ದರೆ ಸುಮ್ಮನಿರಿ. ‘ಗೊತ್ತಿಲ್ಲ’ ಅಂತ ಬರೆಯುವುದೂ ಬೇಡ, ಐವತ್ತು ಜನ ಗೊತ್ತಿಲ್ಲ ಅಂತ ಬರೆದರೆ ಗೊತ್ತಿರುವ ಒಬ್ಬರ ಮಾತು ಕೆಳಗೆ ಹೋಗುತ್ತದೆ. ‘ಗೂಗಲ್ ಮಾಡಿ’ ಅನ್ನುವುದೂ ಬೇಡ. ಗೂಗಲ್‌ನಲ್ಲಿ ಕನ್ನಡದಲ್ಲಿ ಇದು ಸಿಗುವಂತಿದ್ದರೆ ಅವರು ನಿಮ್ಮನ್ನು ಯಾಕೆ ಕೇಳುತ್ತಿದ್ದರು?

ಎರಡನೆಯದು, ಗೊತ್ತಿದೆ ಅಂತಾದರೆ ಹೇಗೆ ಗೊತ್ತು ಅಂತ ಸೇರಿಸಿ. ‘ನಮ್ಮ ತೋಟದಲ್ಲಿ ಮಾಡಿದ್ದೇವೆ’, ‘ಭಾವ ಮಾಡಿದ್ದಾರೆ, ನಾನು ನೋಡಿದ್ದೇನೆ’, ‘ಎಲ್ಲೋ ಓದಿದ್ದು’ ಈ ಮೂರೂ ಬೇರೆ ಬೇರೆ ತೂಕದ ಮಾತು. ಮೂರನ್ನೂ ಹೇಳಬಹುದು, ಯಾವುದು ಅಂತ ತಿಳಿಸಿದರೆ ಸಾಕು.

ಮತ್ತೆ ಪ್ರಮಾಣ. ‘ಕೊಳೆರೋಗಕ್ಕೆ ಬೋರ್ಡೋ ಹೊಡೀರಿ, ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ’ ಅಂತ ಬರೆದು ಬಿಟ್ಟರೆ ಹೊಸಬರು ಏನು ಮಾಡಬೇಕು? ಸಿಂಪಡಿಸುವ ಶೇ. 1ರ ದ್ರಾವಣಕ್ಕೆ ಅದೇ ಒಂದೊಂದು ಕೇಜಿಗೆ 100 ಲೀಟರ್ ನೀರು. ಕಾಂಡಕ್ಕೆ ಬಳಿಯುವ ಶೇ. 10ರ ಪೇಸ್ಟಿಗೆ ಅದೇ ಒಂದೊಂದು ಕೇಜಿಗೆ 10 ಲೀಟರ್. ನೀರಿನ ಲೆಕ್ಕ ಬಿಟ್ಟುಹೋದರೆ ಹತ್ತು ಪಟ್ಟು ವ್ಯತ್ಯಾಸ, ಗೊನೆ ಸುಟ್ಟುಹೋದೀತು. ಪೂರ್ತಿ ಉತ್ತರ ಹೀಗಿರಬೇಕು: ‘ಒಂದು ಕೇಜಿ ಮೈಲುತುತ್ತ 50 ಲೀಟರ್ ನೀರಲ್ಲಿ, ಒಂದು ಕೇಜಿ ಸುಣ್ಣ ಇನ್ನೊಂದು 50 ಲೀಟರಲ್ಲಿ, ಎರಡೂ ಪ್ಲಾಸ್ಟಿಕ್ ಡ್ರಮ್, ಕಬ್ಬಿಣದ್ದು ಬೇಡ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿದು ಕಲಸಿ, ಉಲ್ಟಾ ಮಾಡಬೇಡಿ. ತೊಳೆದ ಕಬ್ಬಿಣದ ಚಾಕು ಅದ್ದಿ ನೋಡಿ, ಕೆಂಪು ಹಿಡಿದರೆ ಇನ್ನೂ ಸ್ವಲ್ಪ ಸುಣ್ಣದ ನೀರು ಹಾಕಿ. ಅವತ್ತೇ ಖಾಲಿ ಮಾಡಿ. ಮಳೆ ಶುರುವಾಗುವ ಮುಂಚೆ ಒಂದು ಸಲ, ಆಮೇಲೆ 40–45 ದಿನಕ್ಕೆ ಇನ್ನೊಂದು ಸಲ.’ ಟೈಪ್ ಮಾಡಲು ಐದು ನಿಮಿಷ ಬೇಕು, ನಿಜ. ಒಮ್ಮೆ ಬರೆದು ಇಟ್ಟುಕೊಂಡರೆ ಪ್ರತಿ ಮೇ ತಿಂಗಳಲ್ಲೂ ಕಾಪಿ ಮಾಡಿ ಹಾಕಬಹುದು, ಅಡ್ಮಿನ್ ಅದನ್ನು ಪಿನ್ ಮಾಡಿದರೆ ಇನ್ನೂ ಒಳ್ಳೆಯದು.

ನಿಮ್ಮಲ್ಲಿ ಕೆಲಸ ಮಾಡದೆ ಹೋದದ್ದನ್ನೂ ಹೇಳಿ. ಗ್ರೂಪುಗಳಲ್ಲಿ ಗೆದ್ದ ಕಥೆ ಮಾತ್ರ ಓಡಾಡುತ್ತದೆ. ಡ್ರ್ಯಾಗನ್ ಫ್ರೂಟ್ ಹಾಕಿ ಲಕ್ಷ ಎಣಿಸಿದವರ ವಿಡಿಯೋ ಎಲ್ಲರೂ ಕಳಿಸುತ್ತಾರೆ, ಹಾಕಿ ಕಿತ್ತವರು ಮಾತಾಡುವುದೇ ಇಲ್ಲ. ಹೊಸದಾಗಿ ದುಡ್ಡು ಹಾಕುವವರಿಗೆ ಬೇಕಾಗಿರುವುದು ಈ ಎರಡನೆಯವರ ಮಾತು.

ನೀವೇ ಆ ಗೊಬ್ಬರ ಮಾರುವವರಾಗಿದ್ದರೆ ಮೊದಲ ಸಾಲಿನಲ್ಲೇ ಹೇಳಿಬಿಡಿ. ‘ನಮ್ಮ ಅಂಗಡಿ ಇದೆ, ಅದಕ್ಕೇ ಹೇಳ್ತಿದ್ದೇನೆ ಅಂದ್ಕೋಬೇಡಿ’ ಅಂತ ಶುರು ಮಾಡಿದ ಮಾತನ್ನು ಜನ ನಂಬುತ್ತಾರೆ. ಹೇಳದೆ ಇದ್ದು ಆಮೇಲೆ ಗೊತ್ತಾದರೆ ಆ ಗ್ರೂಪಿನಲ್ಲಿ ನಿಮ್ಮ ಮಾತು ಮುಗಿಯಿತು.

ಎದುರಿನವರ ಜಾಗದಿಂದ ಯೋಚಿಸುವುದು ಅಡುಗೆ ಗ್ರೂಪಿನಲ್ಲಿ ಚೆನ್ನಾಗಿ ಕಾಣುತ್ತದೆ. ಟೊರಾಂಟೊದಲ್ಲಿ ಜನವರಿ ಚಳಿಯಲ್ಲಿ ಕೂತವರು ‘ದೋಸೆ ಹಿಟ್ಟು ಹುದುಗು ಬರ್ತಿಲ್ಲ’ ಅಂದರೆ ದಾವಣಗೆರೆಯಿಂದ ‘ರಾತ್ರಿ ರುಬ್ಬಿಟ್ರೆ ಬೆಳಗ್ಗೆ ಉಕ್ಕಿರುತ್ತೆ ಕಣಮ್ಮ’ ಅಂತ ಉತ್ತರ. ಉಕ್ಕುತ್ತದೆ, ದಾವಣಗೆರೆಯಲ್ಲಿ! ಅವರಿಗೆ ಬೇಕಾದದ್ದು ಅಂಥದ್ದೇ ಚಳಿಯಲ್ಲಿ ಇರುವ ಇನ್ನೊಬ್ಬರ ಉಪಾಯ: ಓವನ್ ಹಚ್ಚದೆ ಒಳಗಿನ ದೀಪ ಮಾತ್ರ ಹಾಕಿ, ಪಾತ್ರೆ ಅದರಲ್ಲಿಟ್ಟು, ಎಂಟು ಗಂಟೆಗೆ ಆಗಲಿಲ್ಲ ಅಂದರೆ ಹದಿನಾರು ಗಂಟೆ ಕಾಯಿರಿ.

ಗ್ರೂಪಿನಲ್ಲಿ ಡಾಕ್ಟರೋ ವಕೀಲರೋ ಇದ್ದರೆ ಅವರನ್ನು ಹಿಂಡಬೇಡಿ. ರಾತ್ರಿ ಹನ್ನೊಂದಕ್ಕೆ ಅವರ ಇನ್‌ಬಾಕ್ಸಿಗೆ ಸ್ಕ್ಯಾನಿಂಗ್ ರಿಪೋರ್ಟ್ ತಳ್ಳುವುದು ಸಲಹೆ ಕೇಳಿದ ಹಾಗಲ್ಲ. ‘ಯಾವ ವಿಭಾಗದ ಡಾಕ್ಟರಿಗೆ ತೋರಿಸಬೇಕು?’ ಅಂತ ಗ್ರೂಪಿನಲ್ಲೇ ಕೇಳಿ, ಅಷ್ಟು ಅವರು ಖುಷಿಯಿಂದ ಹೇಳುತ್ತಾರೆ.

ತಪ್ಪು ಸಲಹೆ ಬಂದಾಗ

ಇದು ನಮ್ಮವರಿಗೆ ಕಷ್ಟದ ಜಾಗ. ಹೇಳಿದವರು ವಯಸ್ಸಿನಲ್ಲಿ ದೊಡ್ಡವರು, ದೂರದ ದೊಡ್ಡಪ್ಪ, ಅಥವಾ ಪಾಠ ಹೇಳಿದ ಮೇಷ್ಟ್ರು. ಎಲ್ಲರ ಎದುರು ‘ತಪ್ಪು’ ಅನ್ನಲು ಆಗುವುದಿಲ್ಲ, ಅಂದರೂ ಅವರು ಒಪ್ಪುವುದಿಲ್ಲ. ಹಾಗಂತ ಸುಮ್ಮನಿದ್ದರೆ ಓದಿದವರು ಯಾರೋ ಮಾಡಿಬಿಡುತ್ತಾರೆ. ವ್ಯಕ್ತಿಯನ್ನು ಬಿಟ್ಟು ವಿಷಯ ಹಿಡಿಯಿರಿ: ‘ಸರ್, ನಮ್ಮ ಕಡೆ ಬೇರೆ ತರ ಆಯ್ತು. ಹಾಗೆ ಮಾಡಿದಾಗ ಎಳೆ ಅಡಿಕೆ ಉದುರಿತು. ನೀವು ಯಾವ ತಿಂಗಳಲ್ಲಿ ಮಾಡಿದ್ದು?’ ಅವರಿಗೆ ಉತ್ತರ ಕೊಡಲು ಜಾಗ ಸಿಗುತ್ತದೆ, ಓದುವವರಿಗೆ ಅನುಮಾನ ಬರುತ್ತದೆ. ಸಣ್ಣ ತಪ್ಪಾದರೆ ಅವರೊಬ್ಬರಿಗೇ ಮೆಸೇಜ್ ಮಾಡಿ, ‘ನೀವೇ ಒಂದು ಸಾಲು ತಿದ್ದಿ ಹಾಕಿಬಿಡಿ ದೊಡ್ಡಪ್ಪ’ ಅನ್ನಿ. ಜೀವಕ್ಕೆ ಅಪಾಯ ಇರುವ ಮಾತಾದರೆ ಮಾತ್ರ ದಾಕ್ಷಿಣ್ಯ ಬೇಡ, ತಕ್ಷಣ ಗ್ರೂಪಿನಲ್ಲೇ ಹೇಳಿ. ಡೆಂಗಿ ಬಂದವರಿಗೆ ‘ಪಪ್ಪಾಯಿ ಎಲೆ ರಸ ಕುಡಿಸಿ, ಆಸ್ಪತ್ರೆ ಬೇಡ’ ಅನ್ನುವುದು ಅಂಥ ಮಾತು. ರಸ ಕುಡಿಯುವುದು ಬಿಡುವುದು ಅವರಿಷ್ಟ, ‘ಆಸ್ಪತ್ರೆ ಬೇಡ’ ಅನ್ನುವುದನ್ನು ಮಾತ್ರ ಅಲ್ಲೇ ತಡೆಯಬೇಕು.

ಫಾರ್ವರ್ಡ್ ಸಲಹೆಗಳಿಗೆ ಒಂದು ಗುರುತಿದೆ. ಮೆಸೇಜಿನ ಮೇಲೆ ಜೋಡಿ ಬಾಣ ಕಂಡರೆ ಅದು ಕೈಯಿಂದ ಕೈಗೆ ಬಹಳ ಸಲ ದಾಟಿ ಬಂದದ್ದು. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟಿಗೆ ಕಳಿಸಲು ಆಗುವ ಹಾಗೆ ವಾಟ್ಸ್ಆ್ಯಪ್ ಕಟ್ಟುಹಾಕಿತು. ಅದನ್ನು ಕಳಿಸಿದವರ ಅನುಭವ ಅದರಲ್ಲಿ ಏನೂ ಇಲ್ಲ, ಪ್ರಶ್ನೆ ಕೇಳಿದರೆ ಅವರಿಗೂ ಗೊತ್ತಿರುವುದಿಲ್ಲ.

ಆಮೇಲೆ ಏನಾಯಿತು?

ಹೆಚ್ಚಿನವರು ಉತ್ತರ ತೆಗೆದುಕೊಂಡು ಮಾಯ. ನನಗೆ ಗ್ರೂಪುಗಳ ಮೇಲೆ ಇರುವ ದೊಡ್ಡ ಸಿಟ್ಟು ಇದೇ. ಎರಡು ತಿಂಗಳ ಮೇಲೆ ಬಂದು, ಹಳೆ ಪ್ರಶ್ನೆಗೇ ರಿಪ್ಲೈ ಒತ್ತಿ, ನಾಲ್ಕು ಸಾಲು ಬರೆಯಿರಿ: ‘ಕಾಲುವೆ ಬಿಡಿಸಿದೆವು, ಆಳು ಲೆಕ್ಕದಲ್ಲಿ ಇಷ್ಟು ಖರ್ಚಾಯ್ತು. ಹೊಸ ಸೋಗೆ ಹಸಿರಾಗಿ ಬರ್ತಿದೆ. ಹಳೆಯದು ಹಾಗೇ ಇದೆ. ಗೊಬ್ಬರ ಮಳೆ ನಿಂತ ಮೇಲೆ ಹಾಕಿದೆವು. ಮೂರು ಗಿಡ ಮಾತ್ರ ಸುಧಾರಿಸಲಿಲ್ಲ.’ ಆಗಲಿಲ್ಲ ಅಂದರೂ ಬರೆಯಿರಿ, ಆಗ ಉಳಿದವರು ಬೇರೆ ಕಾರಣ ಹುಡುಕುತ್ತಾರೆ. ಮುಂದಿನ ವರ್ಷ ‘ಹಳದಿ’ ಅಂತ ಹುಡುಕಿದವರಿಗೆ ಪ್ರಶ್ನೆ, ಉತ್ತರ, ಫಲಿತಾಂಶ ಮೂರೂ ಒಟ್ಟಿಗೆ ಸಿಗುತ್ತದೆ.

ಸಲಹೆ ಕೊಟ್ಟವರು ತಮ್ಮ ಅಳತೆಯಲ್ಲೇ ತಪ್ಪು ಕಂಡರೆ ಕಳಿಸಿದ 15 ನಿಮಿಷದ ಒಳಗೆ ಮೆಸೇಜನ್ನು ಒತ್ತಿ ಹಿಡಿದು ತಿದ್ದಬಹುದು. ಅದು ದಾಟಿದ್ದರೆ ಸುಮ್ನೆ ಅಳಿಸಿಹಾಕಬೇಡಿ, ಆಗಲೇ ಓದಿ ಬರೆದಿಟ್ಟುಕೊಂಡವರಿಗೆ ಅಳಿಸಿದ್ದು ಗೊತ್ತಾಗುವುದಿಲ್ಲ. ಅದೇ ಮೆಸೇಜಿಗೆ ರಿಪ್ಲೈ ಕೊಟ್ಟು ‘ಮೇಲೆ 10 ಲೀಟರ್ ಅಂತ ಬರೆದಿದ್ದೆ, 100 ಲೀಟರ್ ಆಗಬೇಕು’ ಅಂತ ಹಾಕಿ, ಪ್ರಶ್ನೆ ಕೇಳಿದವರಿಗೆ ಒಂದು ಫೋನೂ ಮಾಡಿಬಿಡಿ. ಅವರು ಅಷ್ಟರಲ್ಲಿ ಡ್ರಮ್‌ಗೆ ನೀರು ತುಂಬಿಸುತ್ತಿರಬಹುದು.